ಗ್ರಾಮದ ಜನಸಂಖ್ಯೆಯೂ ಜಮೀನಿನ ಹಿಡುವಳಿಯೂ

ತಮ್ಮ ಗ್ರಾಮದಲ್ಲಿ ಮನೆಗಳೆಷ್ಟು, ಜನರೆಷ್ಟು ಎಂದು ಕೇಳಿದರೆ ಗ್ರಾಮದ ಮುಖಂಡರು ತಡೆಯಿಲ್ಲದೆ ಹೇಳಬಲ್ಲರು. ಆ ಜನಕ್ಕೆ ತಲೆಯೊಂದಕ್ಕೆ ತರಿ ಎಷ್ಟು, ಖುಷ್ಕಿ ಎಷ್ಟು ಎಂದು ಕೇಳಿದರೆ ಉತ್ತರ ಹೇಳತಕ್ಕವರು ವಿರಳ. ಗ್ರಾಮದ ಯೋಗಕ್ಷೇಮವಾದರೋ ಈ ಎರಡನೆಯ ಲೆಕ್ಕವನ್ನೇ ಅವಲಂಬಿಸಿರುತ್ತದೆ.

ಹಿಂದಿನ ಕಾಲದಲ್ಲಿ ಜನಸಂಖ್ಯೆಯನ್ನು ಮಳೆಯೇ ನಿರ್ಣಯಿಸುತ್ತಿತ್ತು. 1871ರ ಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412. 1876ರಿಂದ 1878ರವರೆಗಿನ ಮಹಾಕ್ಷಾಮದ ತರುವಾಯ, 1881ರಲ್ಲಿ, ಅದು 41,86,188ಕ್ಕೆ ಇಳಿಯಿತು. ಈಗ ಅಂತಹ ಕ್ಷಾಮದ ಭಯವಿಲ್ಲ, ಜನವು ಹೆಚ್ಚಿರುತ್ತದೆ. ಆದರೆ ಭೂಮಿಯು ಹೆಚ್ಚತಕ್ಕ ವಸ್ತುವಲ್ಲ.

ನೀರು ಬಂದರೆ ಈ ತೊಂದರೆ ನೀಗುವುದೆಂದು ಅನೇಕರು ಭಾವಿಸುವರು. ಮಂಡ್ಯ ಸೀಮೆಯ ಎರಡು ಸಣ್ಣ ಗ್ರಾಮಗಳ ವೃತ್ತಾಂತವು ಈ ವಿಷಯದಲ್ಲಿ ಮನನೀಯವಾಗಿದೆ. ಕನ್ನಂಬಾಡಿ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಗಿ, 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಆ ಸೀಮೆಗೆ ಹರಿಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಸ್ಥಾಪಿತವಾಯಿತು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಅಲ್ಲಿದ್ದು, ಸಾವಿರಕ್ಕೆ ಕಡಿಮೆ ಜನವಿದ್ದ ಎರಡು ಗ್ರಾಮಗಳನ್ನು ಪರಿಶೀಲಿಸಿ, ಅವುಗಳ ನಿಜನಾಮವನ್ನು ಮರೆಮಾಡಿ ವಂಗಲ, ದಲೇನ ಎಂದು ಕರೆದರು.

ವಂಗಲದ ಜಮೀನಿಗೆ ನೀರು ಬಂದಿತು. ರಾಗಿ ಬೆಳೆಯುತ್ತಿದ್ದ ರೈತರು ಕಬ್ಬು, ಭತ್ತಗಳನ್ನು ಬೆಳೆದು ಅನುಕೂಲಸ್ಥರಾದರು; ಊರಿನ ಜೀವನವು ವ್ಯವಸಾಯದಲ್ಲಿಯೇ ನಿಂತಿತು. ದಲೇನದ ನೆಲವು ಎತ್ತರದಲ್ಲಿದ್ದುದರಿಂದ ನಾಲೆಯ ನೀರು ಅದಕ್ಕೆ ಏರಲಿಲ್ಲ. ಅಲ್ಲಿಯವರು ಸುಮ್ಮನಿರದೆ, ಕೆಲವರು ನೆರೆಯ ಗ್ರಾಮಗಳಲ್ಲಿ ತರಿ ಜಮೀನನ್ನು ಕೊಂಡರು. ಕೆಲವರು ಮಂಡ್ಯದಲ್ಲಿ ಉದ್ಯೋಗ ಹಿಡಿದರು. ಕೆಲವರು ಗಿರಣಿ, ವ್ಯಾಪಾರಗಳಿಗೆ ತೊಡಗಿದರು. ಹೀಗೆ ಖುಷ್ಕಿ ಗ್ರಾಮವು ತನ್ನ ಜನಕ್ಕೆ ಊರಿನ ಎಲ್ಲೆಯ ಹೊರಗೆ ಅನ್ನದ ದಾರಿಯನ್ನು ಕಂಡುಕೊಂಡಿತು.

ಅದೇ ವಿದುಷಿಯು 1970ರಲ್ಲಿ ಪುನಃ ಬಂದು ನೋಡಿದಾಗ ಜನವು ಹೆಚ್ಚಿತ್ತು; ಹಿಡುವಳಿಯುಳ್ಳವರ ಸ್ಥಿತಿ ಮೇಲಾಗಿತ್ತು. ಆದರೆ ಬಡವರ ಪಾಲು ಅದಕ್ಕೆ ಸಮನಾಗಿ ಏರಿರಲಿಲ್ಲ. ನೀರು ಬೆಳೆಯನ್ನು ಹೆಚ್ಚಿಸುವುದೇ ಹೊರತು, ಅದನ್ನು ಹಂಚುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿಡುವಳಿಯುಳ್ಳವರೂ ನಿಶ್ಚಿಂತರಾಗಿರುವಂತಿಲ್ಲ. ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿಯು 1970–71ರಲ್ಲಿ 3.20 ಹೆಕ್ಟೇರು, ಎಂದರೆ ಸುಮಾರು 8 ಎಕರೆ, 2015–16ರಲ್ಲಿ 1.36 ಹೆಕ್ಟೇರು, ಎಂದರೆ ಸುಮಾರು 3 ಎಕರೆ 14 ಗುಂಟೆ. 8 ಎಕರೆಯನ್ನು ಇಬ್ಬರು ಮಕ್ಕಳು ಹಂಚಿಕೊಂಡರೆ ತಲಾ 4 ಎಕರೆ. ಅವರಿಗೂ ಇಬ್ಬಿಬ್ಬರು ಮಕ್ಕಳಾದರೆ ತಲಾ 2 ಎಕರೆ. ಇದರ ಮೇಲೆ ಪ್ರತಿಯೊಂದು ಹೊಲವನ್ನೂ ಸೀಳಿ ಹಂಚಿದರೆ ಬದುಗಳಿಗೇ ನೆಲವು ಸಾಲುವುದಿಲ್ಲ. ಗಾಡಿಯ ಹಾದಿಗೂ ನೀರಿನ ಕಾಲುವೆಗೂ ವ್ಯಾಜ್ಯವು ಹುಟ್ಟುತ್ತದೆ.

ಆದುದರಿಂದ ಗ್ರಾಮದ ಮುಖಂಡರು ವರ್ಷಕ್ಕೊಮ್ಮೆ ಒಂದು ಪುಸ್ತಕದಲ್ಲಿ ಮನೆಗಳು, ಜನರು, ತರಿ, ಖುಷ್ಕಿ, ದನಕರು, ಊರು ಬಿಟ್ಟವರು, ಜಮೀನಿಲ್ಲದ ಕುಟುಂಬಗಳು, ಇವುಗಳ ಸಂಖ್ಯೆಯನ್ನು ಬರೆದಿಡತಕ್ಕದ್ದು. ಭಾಗವಾಗುವ ಅಣ್ಣತಮ್ಮಂದಿರಿಗೆ ಹೊಲಕ್ಕೆ ಹೊಲವನ್ನು ಬದಲಾಯಿಸಿಕೊಂಡು ಒಂದೇ ಕಡೆ ಪಾಲು ಪಡೆಯುವಂತೆಯೂ, ಬಾವಿಯನ್ನು ಸಮಷ್ಟಿಯಾಗಿ ಇಟ್ಟುಕೊಳ್ಳುವಂತೆಯೂ ಬುದ್ಧಿ ಹೇಳತಕ್ಕದ್ದು. ಹೈನು, ರೇಷ್ಮೆ ಮುಂತಾದ ಉಪಕಸುಬುಗಳನ್ನು ಮೊದಲು ಕಿರಿಯ ಹಿಡುವಳಿದಾರರಿಗೂ ಜಮೀನಿಲ್ಲದವರಿಗೂ ಒದಗಿಸಲು ಯತ್ನಿಸಬೇಕು. ದಲೇನದವರು ನೀರು ಬಾರದುದರಿಂದ ಕಲಿತ ಪಾಠವನ್ನು, ನೀರುಳ್ಳ ಗ್ರಾಮಗಳವರು ಕಷ್ಟವು ಬರುವುದಕ್ಕೆ ಮುಂಚೆಯೇ ಕಲಿಯುವುದು ಶ್ರೇಯಸ್ಕರವು.