ಕಾರಿನ ಶಾಕಪ್ಪು: ಪರೀಕ್ಷೆ ಮತ್ತು ಬದಲಾವಣೆ

ಧಾರವಾಡದಿಂದ ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಹೊರಟರೆ ನೆಲವು ಕಪ್ಪಾಗುತ್ತ ಹೋಗುತ್ತದೆ. ಈ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಇದರ ಮೇಲೆ ಹಾಸಿದ ಡಾಂಬರು ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗುವುದುಂಟು. ಇಂಥ ರಸ್ತೆಯಲ್ಲಿ ಓಡುವ ಕಾರಿನಲ್ಲಿ ಸದಾ ದುಡಿಯುತ್ತಿದ್ದರೂ ಒಡೆಯನ ಕಣ್ಣಿಗೆ ಬೀಳದ ಅಂಗವೊಂದಿದೆ. ಅದೇ ಶಾಕ್ ಅಬ್ಸಾರ್ಬರು. ಗ್ಯಾರೇಜಿನವರ ಮಾತಿನಲ್ಲಿ 'ಶಾಕಪ್ಪು'.

ಇದರ ಹೆಸರೇ ನಮ್ಮನ್ನು ಕೊಂಚ ದಾರಿ ತಪ್ಪಿಸುತ್ತದೆ. ಗಾಡಿಯ ಭಾರ ಹೊರುವುದು, ತಗ್ಗಿನ ಪೆಟ್ಟನ್ನು ತಾಳುವುದು ಸ್ಪ್ರಿಂಗಿನ ಕೆಲಸ. ಆದರೆ ಒಮ್ಮೆ ಅದುಮಿದ ಸ್ಪ್ರಿಂಗು ಸುಮ್ಮನಿರುವುದಿಲ್ಲ. ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಈ ಕುಣಿತವನ್ನು ನಿಲ್ಲಿಸುವುದೇ ಶಾಕಪ್ಪಿನ ಕರ್ತವ್ಯ. ಒಂದು ಉಕ್ಕಿನ ಕೊಳವೆ, ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನು, ಅದರಲ್ಲಿ ಸಣ್ಣ ರಂಧ್ರಗಳು ಮತ್ತು ವಾಲ್ವುಗಳು, ಇಷ್ಟೇ ಇದರ ರಚನೆ. ಚಕ್ರವು ಏರಿಳಿದಾಗ ಎಣ್ಣೆಯು ಆ ಕಿರುರಂಧ್ರಗಳಲ್ಲಿ ನುಸುಳಬೇಕಾಗುತ್ತದೆ. ಆ ತಡೆಯಲ್ಲಿ ಚಲನೆಯ ಶಕ್ತಿಯು ಶಾಖವಾಗಿ ಗಾಳಿಗೆ ಸೇರುತ್ತದೆ. ಟಾಂಗಾದಲ್ಲಿಯೂ ಅಂಬಾಸಡರ್ ಕಾರಿನ ಹಿಂಬದಿಯಲ್ಲಿಯೂ ಇದ್ದ ಕಮಾನು ಪಟ್ಟಿಗಳು ಒಂದಕ್ಕೊಂದು ಉಜ್ಜಿ, ಕುಣಿತವನ್ನು ಕೆಲಮಟ್ಟಿಗೆ ತಾವೇ ತಗ್ಗಿಸುತ್ತಿದ್ದವು. ೧೯೮೩ರಲ್ಲಿ ಬಂದ ಮಾರುತಿ ೮೦೦ರ ಮುಂಭಾಗದಲ್ಲಿದ್ದಂಥ ಸುರುಳಿ ಸ್ಪ್ರಿಂಗಿಗೆ ಆ ಗುಣ ಬಹು ಕಡಿಮೆ. ಅದಕ್ಕೆ ಶಾಕಪ್ಪೇ ಗತಿ.

ಎಣ್ಣೆ ಸೋರಿದರೆ ಅಥವಾ ವಾಲ್ವು ಸವೆದರೆ ಮೈ ಕುಲುಕುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆಯಿದೆ. ಬ್ರೇಕಾಗಲಿ ಸ್ಟಿಯರಿಂಗಾಗಲಿ ಕೆಲಸ ಮಾಡುವುದು ಟಾಯರು ನೆಲವನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ. ಗಂಟೆಗೆ ೬೦ ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುತ್ತದೆ. ಅದರ ಮೈ ಒಂದು ಸಲ ಏರಿಳಿಯಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಎರಡು ಸಲ ಹೆಚ್ಚಾಗಿ ಕುಣಿದರೆ ೩೦ ಮೀಟರಿನಷ್ಟು ದಾರಿಯನ್ನು ಅದು ಅರೆಹಿಡಿತದಲ್ಲಿ ಕ್ರಮಿಸಿತೆಂದಾಯಿತು. ಎದುರಿಗೆ ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದರೆ ಆ ೩೦ ಮೀಟರಿನ ಬೆಲೆಯೇನೆಂದು ಬೇರೆ ಹೇಳಬೇಕಾಗಿಲ್ಲ. ಸವೆತವು ಸ್ವಲ್ಪಸ್ವಲ್ಪವೇ ಆಗುವುದರಿಂದ ನಡೆಸುವವನ ಕೈ ಅದಕ್ಕೆ ಒಗ್ಗಿಬಿಡುತ್ತದೆ. ಆದುದರಿಂದ ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆಯ ಕ್ರಮ ಸುಲಭ. ಮೊದಲನೆಯದಾಗಿ, ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಒಂದೊಂದೇ ಮೂಲೆಯನ್ನು ಬಲವಾಗಿ ಅದುಮಿ ಕೈಬಿಡಬೇಕು. ಮೇಲೆದ್ದು ಒಮ್ಮೆ ಇಳಿದು ನಿಂತರೆ ಸರಿ. ಮತ್ತೆ ಮತ್ತೆ ತೂಗಿದರೆ ಶಾಕಪ್ಪು ಹೋಗಿದೆ. ಇದರಲ್ಲಿ ತೇರ್ಗಡೆಯಾದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ಅರೆಸವೆದದ್ದು ಈ ಪರೀಕ್ಷೆಗೆ ಸಿಗದೆ ಹೋಗಬಹುದು. ಎರಡನೆಯದಾಗಿ, ಕೊಳವೆಯನ್ನು ನೋಡಬೇಕು. ತೆಳುವಾದ ಎಣ್ಣೆಯ ಪಸೆ ದೋಷವಲ್ಲ. ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಸೀಲು ಕೆಟ್ಟಿದೆ. ಮೂರನೆಯದಾಗಿ, ನಿಂತ ಗಾಡಿಯ ಟಾಯರಿನ ಮೇಲೆ ಅಂಗೈ ಆಡಿಸಬೇಕು. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಚಕ್ರವು ಜಿಗಿಯುತ್ತ ಓಡಿದೆಯೆಂದು ಸಂಶಯಪಡಬೇಕು. ನಾಲ್ಕನೆಯದಾಗಿ, ಬ್ರೇಕು ಹಾಕಿದಾಗ ಮೂತಿ ತೀರ ಬಾಗುವುದೋ, ಲಾರಿ ಪಕ್ಕದಲ್ಲಿ ಹಾದಾಗ ಗಾಡಿ ತೇಲಾಡುವುದೋ ಗಮನಿಸಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿಂದ ಹಣ ವ್ಯರ್ಥವಾಗುವುದುಂಟು. ಗಾಡಿಯು ಒಂದು ಮಗ್ಗುಲಿಗೆ ವಾಲಿ ನಿಂತಿದ್ದರೆ ಮೊದಲು ಸ್ಪ್ರಿಂಗನ್ನು ನೋಡಬೇಕು, ಭಾರ ಹೊರುವುದು ಅದೇ. ತಗ್ಗಿನಲ್ಲಿ ಇಳಿದಾಗ ಟಕಟಕ ಸದ್ದು ಬಂದರೆ ರಬ್ಬರಿನ ಬುಷ್, ಬಾಲ್ ಜಾಯಿಂಟುಗಳನ್ನೂ ಪರೀಕ್ಷಿಸಬೇಕು.

ಇನ್ನು ಬದಲಾವಣೆಯ ಮಾತು. ಎಡಬಲಗಳನ್ನು ಜೋಡಿಯಾಗಿಯೇ ಬದಲಿಸಬೇಕು; ಒಂದು ಹೊಸದು ಒಂದು ಹಳೆಯದಾದರೆ ಎರಡು ಮಗ್ಗುಲುಗಳ ನಡತೆ ಬೇರೆಯಾಗುತ್ತದೆ. ಹಿಂದಿನ ಶಾಕಪ್ಪು ಸ್ಪ್ರಿಂಗಿನಿಂದ ಬೇರೆಯಾಗಿರುವ ಗಾಡಿಗಳಲ್ಲಿ ಕೆಲಸ ಹಗುರ. ಮುಂದಿನ ಚಕ್ರಗಳು ಉರುಳದಂತೆ ಒತ್ತು ಕೊಟ್ಟು, ಜಾಕಿನಿಂದ ಎತ್ತಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂಡ್ರಿಸಬೇಕು. ಜಾಕೊಂದನ್ನೇ ನಂಬಿ ಕೆಳಗೆ ಹೋಗಲೇಬಾರದು. ಬೋಲ್ಟು ಬಿಚ್ಚುವ ಮುನ್ನ ಆಕ್ಸಲಿಗೆ ಕೆಳಗಿನಿಂದ ಆಧಾರ ಕೊಡಬೇಕು. ಇಲ್ಲದಿದ್ದರೆ ಅದು ಜೋತುಬಿದ್ದು ಬ್ರೇಕಿನ ಪೈಪನ್ನು ಎಳೆದೀತು. ರಬ್ಬರಿನ ಬುಷ್ ಇರುವ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಗಾಡಿಯ ಭಾರ ಚಕ್ರಗಳ ಮೇಲೆ ಬಂದ ಬಳಿಕ.

ಮುಂಭಾಗದ ಸಂಗತಿ ಬೇರೆ. ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅಲ್ಲಿಯ ಶಾಕಪ್ಪೂ ಸ್ಪ್ರಿಂಗೂ ಕೂಡಿ 'ಸ್ಟ್ರಟ್' ಎಂಬ ಒಂದೇ ಅಂಗವಾಗಿರುತ್ತವೆ. ಅಮೇರಿಕೆಯ ಇಂಜಿನಿಯರ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿನಿಂದ ಇದು ಪ್ರಸಿದ್ಧ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಿಲ್ಲದೆ ಇದರ ನಡುವಿನ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗು ಸಿಡಿದು ಪ್ರಾಣಕ್ಕೇ ಅಪಾಯ. ಈ ಕೆಲಸವನ್ನು ನುರಿತ ಮಿಸ್ತ್ರಿಗೇ ಒಪ್ಪಿಸಿ, ಆಮೇಲೆ ಚಕ್ರಗಳ ಅಲೈನ್‌ಮೆಂಟನ್ನು ನೋಡಿಸಬೇಕು.

ಇಷ್ಟೇ ಕಿಲೋಮೀಟರಿಗೆ ಬದಲಿಸಬೇಕೆಂದು ಎಲ್ಲ ಗಾಡಿಗಳಿಗೂ ಸಲ್ಲುವ ನಿಯಮವಿಲ್ಲ. ರಸ್ತೆ, ಹೊರೆ, ನಡೆಸುವ ರೀತಿಗಳ ಮೇಲೆ ಅದು ನಿಂತಿದೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬರುವ ಮೊದಲ ಕಾರು ಬೇರೊಬ್ಬರು ಬಳಸಿ ಮಾರಿದ್ದು. ಕೊಳ್ಳುವಾಗ ಬಣ್ಣ ನೋಡುತ್ತೇವೆ, ಸೀಟು ನೋಡುತ್ತೇವೆ. ನಾಲ್ಕು ಮೂಲೆಗಳನ್ನು ಅದುಮಿ ನೋಡುವವರು ವಿರಳ. ಓದುಗ ಮಿತ್ರರು ಪ್ರತಿವರ್ಷ ಮುಂಗಾರಿಗೆ ಮುನ್ನ ಇದಕ್ಕೆ ಹತ್ತು ನಿಮಿಷ ಕೊಡಲಿ. ಬದಲಿಸಿದಾಗ ಬಿಚ್ಚಿದ ಹಳೆಯ ಶಾಕಪ್ಪನ್ನು ಕೇಳಿ ಪಡೆದು ಕೈಯಿಂದ ಎಳೆದು ಒತ್ತಿ ನೋಡಲಿ. ತಡೆಯೇ ಇಲ್ಲದೆ ಜಾರಿದರೆ ಮಾಡಿದ ಖರ್ಚು ಸಾರ್ಥಕವಾಯಿತೆಂದು ತಿಳಿಯಬಹುದು.