ದತ್ತಸಂಚಯ ತಂತ್ರಾಂಶದ ಆವೃತ್ತಿನಿರ್ಣಯ

ಒಂದೇ ನಾಮಧೇಯವುಳ್ಳ ಗ್ರಂಥವು ಭಿನ್ನಭಿನ್ನ ಪಾಠಗಳಲ್ಲಿ ದೊರೆಯುವುದೂ, ಇಂಥ ಪ್ರತಿಯೆಂದು ನಿರ್ದೇಶಿಸದೆ ಉದಾಹರಿಸಿದವನು ವಿವಾದಕ್ಕೆ ಸಿಲುಕುವುದೂ ವಿದ್ವಾಂಸರಿಗೆ ಹೊಸತಲ್ಲ. ಹಸ್ತಪ್ರತಿಸೂಚಿ, ಪದಾನುಕ್ರಮಣಿಕೆ ಮುಂತಾದುವನ್ನು ಗಣಕಯಂತ್ರದ ದತ್ತಸಂಚಯದಲ್ಲಿ ಇರಿಸುವ ಈ ಕಾಲದಲ್ಲಿ, ಆ ಸಂಚಯವನ್ನು ನಡೆಯಿಸುವ ತಂತ್ರಾಂಶದ ವಿಷಯದಲ್ಲಿಯೂ ಅದೇ ಜಾಗರೂಕತೆಯು ಆವಶ್ಯಕವಾಗಿದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ತಂತ್ರಾಂಶವನ್ನೂ, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ‘ಆಪ್ಟ್’ ಎಂಬ ಪ್ಯಾಕೇಜ್ ಮ್ಯಾನೇಜರನ್ನೂ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸುತ್ತೇವೆ.

ಪ್ಯಾಕೇಜ್ ಮ್ಯಾನೇಜರ್ ಎಂದರೆ, ಕೇಳಿದ ತಂತ್ರಾಂಶವನ್ನೂ ಅದು ಅಪೇಕ್ಷಿಸುವ ಉಪಾಂಗಗಳನ್ನೂ ಭಂಡಾರದಿಂದ ತಂದು ಯಂತ್ರದಲ್ಲಿ ಸ್ಥಾಪಿಸುವ ಉಪಕರಣ. ಅದಕ್ಕೆ ‘ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂದು ಆಜ್ಞಾಪಿಸಿದರೆ, 2021ರ ಡೆಬಿಯನ್ 11ರಲ್ಲಿ 13ನೆಯ ಆವೃತ್ತಿಯೂ 2023ರ ಡೆಬಿಯನ್ 12ರಲ್ಲಿ 15ನೆಯದೂ ಬರುವುವು. ಸಂಖ್ಯಾರಹಿತವಾದ ಆ ಹೆಸರು ಯಾವ ಆವೃತ್ತಿಗೂ ವಾಚಕವಲ್ಲ. ಆಯಾ ವ್ಯವಸ್ಥೆಯು ಅಂಗೀಕರಿಸಿದ ಆವೃತ್ತಿಯತ್ತ ಬೆರಳು ತೋರುವುದಷ್ಟೇ ಅದರ ಕೆಲಸ. ನಿಯತವಾದುದು ಬೇಕಾದವರು ‘ಪೋಸ್ಟ್‌ಗ್ರೆಸ್‌ಕ್ಯೂಎಲ್-15’ ಎಂದು ಸಂಖ್ಯಾಸಹಿತವಾಗಿಯೇ ಹೇಳತಕ್ಕದ್ದು. ಅದು ವ್ಯವಸ್ಥೆಯ ಭಂಡಾರದಲ್ಲಿ ಇಲ್ಲವಾದರೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ರಚಿಸುವವರ ಬಳಗವೇ ಇರಿಸಿರುವ ಭಂಡಾರದ ವಿಳಾಸವನ್ನು ಆಪ್ಟ್‌ಗೆ ತಿಳಿಸಬೇಕು.

ಸಂಖ್ಯೆ ಹೆಚ್ಚಿನದು ಬಂದರೆ ಲಾಭವೇ ಅಲ್ಲವೆ ಎಂದು ಪೂರ್ವಪಕ್ಷ ಮಾಡಬಹುದು. ಹಾಗಲ್ಲ. 2017ರಲ್ಲಿ ಪ್ರಕಟವಾದ 10ನೆಯ ಆವೃತ್ತಿಯಿಂದೀಚೆಗೆ ಈ ಸಂಖ್ಯೆಗೆ ಎರಡು ಅಂಗಗಳು: 15.4 ಎಂಬಲ್ಲಿ 15 ಪ್ರಧಾನ, 4 ಗೌಣ. ಗೌಣವು ಬದಲಾದರೆ ದೋಷಪರಿಹಾರವಾಯಿತೆಂದು ತಿಳಿಯಬೇಕು. ಡಿಸ್ಕಿನ ಮೇಲಿರುವ ದತ್ತದ ವಿನ್ಯಾಸವು ಹಾಗೆಯೇ ಉಳಿಯುವುದು. ಪ್ರಧಾನವು ಬದಲಾದರೆ ಹಾಗಿಲ್ಲ. 13 ಬರೆದಿಟ್ಟುದನ್ನು 15 ತೆರೆಯಲೂ ಒಪ್ಪದು. ಆದಕಾರಣ ಸಂಖ್ಯಾರಹಿತವಾದ ಪ್ಯಾಕೇಜನ್ನು ಇಟ್ಟುಕೊಂಡು ಡೆಬಿಯನ್ 11ರಿಂದ 12ಕ್ಕೆ ಏರಿದವನ ಯಂತ್ರದಲ್ಲಿ, ಹಳೆಯ ಸಂಚಯದ ಪಕ್ಕದಲ್ಲಿ ಬರಿದಾದ ಹೊಸದೊಂದು ಹುಟ್ಟುವುದು. ಹೊಸದು ಬಂದಿತೆಂಬ ಧೈರ್ಯದಿಂದ ಹಳೆಯ ಪ್ಯಾಕೇಜನ್ನು ‘ಪರ್ಜ್’ ಆಜ್ಞೆಯಿಂದ ತೆಗೆದು, ದತ್ತವನ್ನೂ ಅಳಿಸಲೇ ಎಂಬ ಪ್ರಶ್ನೆಗೆ ಹೌದೆಂದವನು ಎಷ್ಟೋ ವರ್ಷಗಳ ಸೂಚೀಕಾರ್ಯವನ್ನು ಕ್ಷಣದಲ್ಲಿ ಕಳೆದುಕೊಳ್ಳುವನು. (‘ರಿಮೂವ್’ ಎಂದರೆ ದತ್ತವು ಉಳಿಯುವುದು.) ಮೊದಲು ‘ಪಿಜಿ ಡಂಪ್’ನಿಂದ ಪ್ರತಿ ತೆಗೆದಿಟ್ಟು, ಬರಿದಾದ ಹೊಸ ಸಂಚಯವನ್ನು ನಿವಾರಿಸಿ, ಹಳೆಯದನ್ನು ‘ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್’ ಎಂಬುದರಿಂದ 15ಕ್ಕೆ ಪರಿವರ್ತಿಸುವುದು ಕ್ರಮ.

ಪ್ಯಾಕೇಜನ್ನು ‘ಆಪ್ಟ್-ಮಾರ್ಕ್ ಹೋಲ್ಡ್’ ಎಂದು ಕಟ್ಟಿಹಾಕುವ ಪದ್ಧತಿಯೂ ಉಂಟು. ಅದು ಗೌಣ ಆವೃತ್ತಿಗಳ ದೋಷಪರಿಹಾರವನ್ನೂ ತಡೆಯುವುದರಿಂದ ನಮಗೆ ಸಮ್ಮತವಲ್ಲ. ಸಂಖ್ಯಾಸಹಿತವಾದ ಪ್ಯಾಕೇಜು ತಾನಾಗಿ 16 ಆಗುವುದಿಲ್ಲ.

ಸಾಹಿತ್ಯಕಾರ್ಯಕ್ಕೆ ಅತ್ಯಂತ ಸಮೀಪವಾದ ಸೂಕ್ಷ್ಮವೊಂದು ಉಳಿದಿದೆ. ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವ ನಿಯಮವನ್ನು ಈ ತಂತ್ರಾಂಶವು ಸಾಮಾನ್ಯವಾಗಿ ‘ಗ್ಲಿಬ್‌ಸಿ’ ಎಂಬ ಬೇರೊಂದು ಪ್ಯಾಕೇಜಿನಿಂದ ಎರವಲು ಪಡೆಯುವುದು. 2018ರಲ್ಲಿ ಹೊರಬಂದ ಗ್ಲಿಬ್‌ಸಿ 2.28 ಅನೇಕ ಭಾಷೆಗಳ ಕ್ರಮವನ್ನು ಬದಲಿಸಿತು. 2019ರ ಡೆಬಿಯನ್ 10 ಅದನ್ನು ಒಳಗೊಂಡಿತು. ಪೋಸ್ಟ್‌ಗ್ರೆಸ್‌ಕ್ಯೂಎಲ್ಲಿನ ಆವೃತ್ತಿಯು ಎಳ್ಳಷ್ಟೂ ಬದಲಾಗದಿದ್ದರೂ, ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸಿನಲ್ಲಿ ಹೊಸ ಕ್ರಮದಿಂದ ಹುಡುಕಿದಾಗ, ಇರುವ ಪದವನ್ನೇ ಇಲ್ಲವೆನ್ನುವ ಸಂಭವ ಒದಗಿತು. ಇಂಥ ದೋಷವು ಯಾವ ಎಚ್ಚರಿಕೆಯನ್ನೂ ಕೊಡದೆ ಇರಬಲ್ಲುದು. ಪದವು ಸಿಗಲಿಲ್ಲವಾದುದರಿಂದ ಆ ಕವಿಯಲ್ಲಿ ಅದರ ಪ್ರಯೋಗವೇ ಇಲ್ಲವೆಂದು ಸಂಶೋಧಕನು ಬರೆದುಬಿಡುವನು. ಆದ್ದರಿಂದ ನಿಘಂಟಿನ ಕಾರ್ಯದಲ್ಲಿರುವವರು ತಂತ್ರಾಂಶದ ಸಂಖ್ಯೆಯೊಡನೆ ಗ್ಲಿಬ್‌ಸಿಯ ಸಂಖ್ಯೆಯನ್ನೂ ಬರೆದಿಟ್ಟುಕೊಂಡು, ಅದು ಬದಲಾದ ದಿನವೇ, ಯಾವ ಹುಡುಕಾಟಕ್ಕೂ ಮುಂಚೆ, ‘ರೀಇಂಡೆಕ್ಸ್’ ಆಜ್ಞೆಯಿಂದ ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಿಸತಕ್ಕದ್ದು.