ನಿಮಗಿದು ಗೊತ್ತೆ? ನಮ್ಮೂರ ಮುನಿಯಪ್ಪ, ರೋಮಿನ ಪಾಲ್

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತು ‘ಮುನಿಯಪ್ಪಾ’ ಎಂದು ಕೂಗಿ ನೋಡಿ. ನಾಲ್ಕೈದು ಮಂದಿಯಾದರೂ ತಿರುಗಿ ನೋಡಿಯಾರು!

* ಮುನಿಯಪ್ಪ, ಮುನಿರಾಜು, ಮುನಿಯಮ್ಮ: ಹೊಸಕೋಟೆ, ಕೋಲಾರದ ಕಡೆಯೂ ಮನೆಮನೆಯ ಹೆಸರುಗಳಿವು. ಊರು ಕಾಯುವ ಮುನೇಶ್ವರನಿಂದ ಬಂದವು.

* ಪಿಳ್ಳಪ್ಪ, ಪಿಳ್ಳಮ್ಮ: ತೆಲುಗಿನ ‘ಪಿಲ್ಲ’, ತಮಿಳಿನ ‘ಪಿಳ್ಳೈ’ ಎರಡಕ್ಕೂ ಮಗು ಎಂದೇ ಅರ್ಥ. ಮೂರು ಭಾಷೆ ಕೂಡುವ ಸೀಮೆಯ ಗುರುತಿದು.

* ನಂಜಪ್ಪ: ನಂಜು ಎಂದರೆ ವಿಷ. ವಿಷ ಉಂಡ ಶಿವನೇ ನಂಜುಂಡ.

* ತಿಪ್ಪಣ್ಣ: ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು, ದೃಷ್ಟಿ ತಾಗದಿರಲೆಂದು ಇಡುತ್ತಿದ್ದ ಹೆಸರು.

* ಟಿಪ್ಪು: ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನಿಗೆ ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರಿಟ್ಟರು. ತಿಪ್ಪಣ್ಣನಿಗೂ ಇದಕ್ಕೂ ಗಂಟು ಹಾಕಬೇಡಿ!

* ಕಡಲಾಚೆಯ ನೆಂಟರು: ಲ್ಯಾಟಿನ್ ಮೂಲದ ಪಾಲ್ ಎಂದರೆ ಚಿಕ್ಕವನು, ಅಂದರೆ ನಮ್ಮ ಚಿಕ್ಕಣ್ಣ. ರೂಫಸ್ ಎಂದರೆ ಕೆಂಪು, ಅವನೇ ಕೆಂಪಣ್ಣ. ಗ್ರೀಕ್ ಮೂಲದ ಪೀಟರ್ ಎಂದರೆ ಕಲ್ಲು, ಅವನು ಸಾಕ್ಷಾತ್ ಕಲ್ಲಪ್ಪ! ಅರಾಮಿಕ್ ಮೂಲದ ಥಾಮಸ್ ಎಂದರೆ ಅವಳಿ.